ಕಾಯಿಲೆಯಮ್ಮ

ನಮ್ಮ ದೊಡ್ಡಮ್ಮನ ಮುಖ ನೋಡದವರಿಗೂ ಅವಳ ದನಿಯ ಪರಿಚಯವಿತ್ತು. ಬಸ್ ನಿಲ್ದಾಣದ ಮಹಡಿಯಲ್ಲಿ ಗಾಜಿನ ಕಿಟಕಿಯ ಒಂದು ಇಕ್ಕಟ್ಟಾದ ಕೋಣೆ. ಅಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದು ಇವತ್ತು ಬರುವುದೇ ಇಲ್ಲ ಎಂದು ಹೇಳುವುದು ಅವಳ ಕೆಲಸ. ಬಸ್ಸು ಕೆಟ್ಟು ನಿಂತ ಸುದ್ದಿಯನ್ನೂ ನೆಂಟರ ಯೋಗಕ್ಷೇಮ ವಿಚಾರಿಸುವ ಹಾಗೆ ಹೇಳುತ್ತಿದ್ದಳು. ಬಯ್ಯಲು ಬಾಯಿ ತೆರೆದವರು ಹಾಗೇ ಮುಚ್ಚಿಕೊಳ್ಳುತ್ತಿದ್ದರಂತೆ. ಮನೆಯಲ್ಲೂ ಅದೇ ಚಾಳಿ. "ಪ್ರಯಾಣಿಕರ ಗಮನಕ್ಕೆ, ಊಟ ತಣ್ಣಗಾಗುತ್ತಾ ಇದೆ. ಇನ್ನೊಂದು ಸಲ ಕರೆಯೋದಿಲ್ಲ" ಎಂದು ಅಡುಗೆಮನೆಯಿಂದ ಕೂಗಿದರೆ ನಾವು ಮಕ್ಕಳೆಲ್ಲ ಬಿದ್ದೆದ್ದು ಓಡುತ್ತಿದ್ದೆವು.

ಯಾರ ದನಿಯನ್ನಾದರೂ ಹಾಗೇ ಹಿಡಿದುಬಿಡುತ್ತಿದ್ದಳು. ನನ್ನಮ್ಮ ಅವಳ ತಂಗಿ. ಒಂದು ಸಲ ನನ್ನಮ್ಮನ ದನಿಯಲ್ಲಿ ನನ್ನಪ್ಪನಿಗೇ ಫೋನ್ ಮಾಡಿ, ಬರುವಾಗ ಈರುಳ್ಳಿ ತನ್ನಿ, ಮರೆತರೆ ಮನೆಗೆ ಬರಬೇಡಿ ಎಂದಳು. ಅಪ್ಪ ಹೆದರಿ ಒಂದು ಚೀಲ ಈರುಳ್ಳಿ ಹೊತ್ತು ತಂದರು. ಆ ಈರುಳ್ಳಿ ಮುಗಿಯುವ ತನಕ ಅಮ್ಮ ಅವಳ ಜೊತೆ ಮಾತು ಬಿಟ್ಟಿದ್ದಳು.

ದೊಡ್ಡಪ್ಪ ಬೇಗ ತೀರಿಕೊಂಡಿದ್ದರು. ದೊಡ್ಡಮ್ಮನಿಗಿದ್ದದ್ದು ಒಬ್ಬಳೇ ಮಗಳು, ನನಗೆ ಅಕ್ಕ. ಅಕ್ಕ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಯಾರ ಮುಖಕ್ಕೆ ಯಾವ ಚೌಕಟ್ಟು ಒಪ್ಪುತ್ತದೆ ಎಂದು ಒಂದೇ ನೋಟಕ್ಕೆ ಹೇಳುವಳು. ತಾಯಿಯ ಹಾಗೆಯೇ ನಗುವಿನವಳು. ಮದುವೆಯಾಗಿ ಅದೇ ಊರಿನ ಆ ಕಡೆಗೆ ಹೋದಳು. ಗರ್ಭಿಣಿಯಾದಳು. ಒಂದು ನರ್ಸಿಂಗ್ ಹೋಮಿನಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಎಲ್ಲ ಸುಸೂತ್ರ ಎಂದು ಮನೆಗೆ ಕಳಿಸಿದರು. ಅಕ್ಕ ಮಗುವನ್ನು ಎತ್ತಿಕೊಂಡು ದೊಡ್ಡಮ್ಮನ ಮನೆಗೇ ಬಂದಳು.

ವಾರ ಕಳೆಯುವುದರೊಳಗೆ ತಲೆನೋವು ಶುರುವಾಯಿತು.

"ಅಮ್ಮ, ತಲೆ ಒಡೆದುಹೋಗೋ ಹಾಗಿದೆ."

"ಮಗು ಎಲ್ಲಿ ಮಲಗೋಕೆ ಬಿಡುತ್ತೆ ನಿನ್ನ? ಅದು ಮಲಗಿದಾಗ ನೀನೂ ಮಲಕ್ಕೋ. ನಿದ್ದೆ ಬಂದ್ರೆ ಎಲ್ಲ ಸರಿಹೋಗುತ್ತೆ."

ಇದು ದೊಡ್ಡಮ್ಮ ಹೇಳಿದ ಮಾತು. ಯಾವ ತಾಯಿಯಾದರೂ ಹೇಳುವ ಮಾತು. ಅಕ್ಕನ ಮುಖ ಸ್ವಲ್ಪ ಊದಿಕೊಂಡಿತ್ತು. ನೋಡಲು ಬಂದವರೆಲ್ಲ, "ಮುಖ ತುಂಬಿಕೊಂಡಿದೆ, ಬಾಣಂತಿ ಕಳೆ ಬಂದಿದೆ" ಎಂದು ಹೊಗಳಿದರು. ಮಾರನೆಯ ದಿನ ಅವಳಿಗೆ ಕಣ್ಣ ಮುಂದೆ ಮಿಂಚು ಹೊಡೆದ ಹಾಗೆ ಆಗತೊಡಗಿತು. ಗಡಿಯಾರದ ಮುಳ್ಳು ಕಾಣುತ್ತಿರಲಿಲ್ಲ. ಅದಕ್ಕೂ ಅವಳು ನಕ್ಕಳು. "ಕನ್ನಡಕದಂಗಡಿಯವಳಿಗೇ ಕನ್ನಡಕ ಬಂತು ನೋಡು" ಎಂದಳು. ಆಮೇಲೆ ತಾನೇ ನರ್ಸಿಂಗ್ ಹೋಮಿಗೆ ಫೋನ್ ಮಾಡಿದಳು. ಆ ಕಡೆಯವರು ಅವಸರದಲ್ಲಿದ್ದರು. ಹೆರಿಗೆಯಾದ ಮೇಲೆ ಎಲ್ಲರಿಗೂ ಹೀಗೆ ಆಗುತ್ತೆ, ತಲೆನೋವಿನ ಮಾತ್ರೆ ತಗೊಳ್ಳಿ, ರೆಸ್ಟ್ ಮಾಡಿ ಎಂದರು. ಅಕ್ಕ, "ಹೂಂ ಸರಿ, ಥ್ಯಾಂಕ್ಸ್" ಎಂದು ಫೋನ್ ಇಟ್ಟಳು. ದೊಡ್ಡಮ್ಮ ಪಕ್ಕದಲ್ಲೇ ಮಗುವಿನ ಬಟ್ಟೆ ಮಡಚುತ್ತಿದ್ದಳು. ಆಸ್ಪತ್ರೆಯವರೇ ಹೇಳಿದ ಮೇಲೆ ಇನ್ನೇನು ಎಂದು ಅವಳಿಗೂ ಸಮಾಧಾನವಾಯಿತು.

ಮರುದಿನ ಬೆಳಿಗ್ಗೆ ದೊಡ್ಡಮ್ಮ ಒಲೆಯ ಮೇಲೆ ನೀರು ಕಾಯಿಸುತ್ತಿದ್ದಾಗ ಒಳಗಿನ ಕೋಣೆಯಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅಕ್ಕ ನೆಲದ ಮೇಲೆ. ಕೈಕಾಲು ಸೆಟೆದುಕೊಂಡು ಮೈಯೆಲ್ಲ ಅದುರುತ್ತಿತ್ತು. ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ಅವಳು ಮತ್ತೆ ಕಣ್ಣು ಬಿಡಲಿಲ್ಲ. ಬಿಪಿ ವಿಪರೀತ ಏರಿ ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಹೆರಿಗೆ ಮುಗಿದು ಮನೆಗೆ ಹೋದ ಮೇಲೂ ಹಾಗೆ ಏರಬಹುದು ಎಂಬ ಸಂಗತಿ ನಮಗೆ ಗೊತ್ತಾದದ್ದೇ ಆವತ್ತು. ಅಲ್ಲಿದ್ದ ಡಾಕ್ಟರು, "ಒಂದು ದಿನ ಮುಂಚೆ ಬಂದಿದ್ರೆ..." ಎಂದವರು ದೊಡ್ಡಮ್ಮನ ಮುಖ ನೋಡಿ ಮಾತು ನುಂಗಿಕೊಂಡರು. ಆದರೆ ಆಡಿದಷ್ಟು ಮಾತು ಸಾಕಾಗಿತ್ತು.

ಮಗುವನ್ನು ಭಾವನ ಮನೆಯವರು ಕರೆದುಕೊಂಡು ಹೋದರು. ಕೆಲವು ಕಾಲಕ್ಕೆ ಭಾವ ಇನ್ನೊಂದು ಮದುವೆಯಾದರು. ತಪ್ಪೇನಿಲ್ಲ, ಎಳೆಗೂಸು ಬೇರೆ. ಆದರೆ ಅವರು ಬಂದು ದೊಡ್ಡಮ್ಮನ ಮುಂದೆ ಒಂದು ಮಾತು ಇಟ್ಟರು. "ಮಗೂನ ನೋಡೋಕೆ ಯಾವಾಗ ಬೇಕಾದ್ರೂ ಬನ್ನಿ ಅತ್ತೆ. ಆದ್ರೆ ಅವಳ ವಿಷಯ ಎತ್ತಬೇಡಿ. ಇವಳನ್ನೇ ಅಮ್ಮ ಅಂತ ತಿಳ್ಕೊಂಡು ಬೆಳೀಲಿ." ದೊಡ್ಡಮ್ಮ ಒಪ್ಪಿಕೊಂಡಳು. ಒಪ್ಪದಿದ್ದರೆ ಮಗುವಿನ ಮುಖ ನೋಡುವುದೂ ತಪ್ಪಿಹೋದೀತು ಎಂಬ ಭಯ.

ಇದಕ್ಕೂ ಮೊದಲೇ, ಅಕ್ಕನ ದಿನಕಾರ್ಯ ಮುಗಿಸಿ ದೊಡ್ಡಮ್ಮ ಕೆಲಸಕ್ಕೆ ಮರಳಿದ್ದಳು. ಒಂದು ಮಧ್ಯಾಹ್ನ ಮೈಕಿನಲ್ಲಿ ಮಾತಾಡುತ್ತಾ ವಾಕ್ಯದ ನಡುವೆಯೇ ನಿಂತುಬಿಟ್ಟಳು. ಕೆಳಗೆ ಗಂಟುಮೂಟೆ ಹಿಡಿದ ಜನ ತಲೆಯೆತ್ತಿ ಮೇಲೆ ನೋಡುತ್ತಾ ನಿಂತರು. ಮೈಕು ಆನ್ ಆಗಿಯೇ ಇತ್ತು, ಅವಳ ಉಸಿರು ಮಾತ್ರ ನಿಲ್ದಾಣದ ತುಂಬಾ ಕೇಳುತ್ತಿತ್ತಂತೆ. ಆ ವಾರವೇ ಕೆಲಸ ಬಿಟ್ಟಳು. ಮನೆಯಲ್ಲಿ ಅವಳ ಬಾಯಲ್ಲಿ ಹೂಂ, ಊಹೂಂ ಬಿಟ್ಟರೆ ಬೇರೆ ಮಾತಿಲ್ಲ.

ಹೀಗಿರುವಾಗ ಮೆಡಿಕಲ್ ಕಾಲೇಜಿನಿಂದ ಒಬ್ಬಳು ಹುಡುಗಿ ಬಂದಳು. ಹೆರಿಗೆಯ ನಂತರ ತೀರಿಕೊಂಡ ತಾಯಂದಿರ ಬಗ್ಗೆ ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ಮನೆಮನೆಗೆ ಹೋಗಿ, ಏನಾಯಿತು, ಹೇಗಾಯಿತು ಎಂದು ಮನೆಯವರನ್ನು ಕೇಳುವುದು ಅವಳ ಕೆಲಸ. ದೊಡ್ಡಮ್ಮ ಬಾಗಿಲಲ್ಲೇ ತಡೆದಳು.

"ಅವಳು ಇದ್ದಾಗ ಯಾರೂ ಕೇಳಲಿಲ್ಲ. ಈಗ ಏನು ಕೇಳೋಕೆ ಬಂದ್ರಿ?"

ಹುಡುಗಿ ವಾದಿಸಲಿಲ್ಲ. "ನೀವು ಹೇಳೋದು ಬೇಡಮ್ಮ. ಯಾವತ್ತಾದ್ರೂ ಹೇಳಬೇಕು ಅನ್ನಿಸಿದ್ರೆ ಕಾಲೇಜಿನ ಹಿಂದಿನ ಕಟ್ಟಡಕ್ಕೆ ಬನ್ನಿ. ನಾನು ಅಲ್ಲೇ ಇರ್ತೀನಿ" ಎಂದು ಹೋದಳು.

ದೊಡ್ಡಮ್ಮ ಮುಂದಿನ ಬೇಸಿಗೆಯಲ್ಲಿ ಒಂದು ದಿನ ಚಪ್ಪಲಿ ಮೆಟ್ಟಿಕೊಂಡು, "ನಡಿ, ಕಾಲೇಜಿಗೆ ಹೋಗಿ ಬರೋಣ" ಎಂದು ನನ್ನನ್ನು ಎಬ್ಬಿಸಿದಳು. ಹಳೆಯ ಹಾಸಿಗೆಗಳನ್ನು ಪೇರಿಸಿಟ್ಟ ಕಾರಿಡಾರನ್ನು ದಾಟಿ ಆ ಹುಡುಗಿಯ ಕೋಣೆ. ಒಂದು ಮೇಜು, ಮೂರು ಕುರ್ಚಿ, ಕುಂಟುವ ಫ್ಯಾನು. ದೊಡ್ಡಮ್ಮ ಒಂದೇ ಸಮನೆ ಎಲ್ಲವನ್ನೂ ಹೇಳಿದಳು. ಬಟ್ಟೆ ಮಡಚುತ್ತಾ ಕೂತಿದ್ದನ್ನೂ ಬಿಡಲಿಲ್ಲ. ಹುಡುಗಿ ಬರೆದುಕೊಳ್ಳುತ್ತಾ ಇದ್ದವಳು ಮಧ್ಯದಲ್ಲಿ ಪೆನ್ನು ಕೆಳಗಿಟ್ಟಳು.

"ಇಂಥದ್ದು ನನ್ನ ಮಗಳೊಬ್ಬಳಿಗೇ ಆಗಿದ್ದಾ?" ಎಂದು ದೊಡ್ಡಮ್ಮ ಕೇಳಿದಳು.

"ಇಲ್ಲಮ್ಮ. ಬೇರೆಯವರಿಗೂ ಆಗಿದೆ."

"ಅವರೂ ಫೋನ್ ಮಾಡಿದ್ರಾ?"

"ಸುಮಾರು ಜನ ಮಾಡಿದ್ರು. ಅಲ್ಲೂ ಇದೇ ಉತ್ತರ."

ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ತನ್ನೊಬ್ಬಳದೇ ಎಂದುಕೊಂಡಿದ್ದ ದುಃಖಕ್ಕೆ ಇನ್ನೆಷ್ಟೋ ಮನೆಗಳಲ್ಲಿ ಪಾಲುದಾರರಿದ್ದಾರೆ ಎಂದು ತಿಳಿದು ಹಗುರಾಯಿತೋ ಇನ್ನಷ್ಟು ಭಾರವಾಯಿತೋ, ಅವಳಿಗೂ ತಿಳಿದಂತಿರಲಿಲ್ಲ.

ಆ ಸಂಶೋಧನೆಯನ್ನು ನಡೆಸುತ್ತಿದ್ದವರು ಹೆಂಗಸರ ವಿಭಾಗದ ಹಿರಿಯ ಡಾಕ್ಟರಮ್ಮ. ಗಿಡ್ಡ ಕೂದಲು, ಗಡಿಬಿಡಿಯ ಮಾತು, ಮುಂದಿಟ್ಟ ಟೀಯನ್ನು ಮರೆಯುವ ಸ್ವಭಾವ. ಬಾಣಂತಿಯರಿಗಾಗಿಯೇ ಒಂದು ಫೋನ್ ಲೈನ್ ಶುರು ಮಾಡುತ್ತಿದ್ದರು. ಅಲ್ಲಿ ಫೋನ್ ಎತ್ತುವ ವಿದ್ಯಾರ್ಥಿಗಳಿಗೆ ಮೊದಲು ಅಭ್ಯಾಸವಾಗಬೇಕು. ಒಂದು ಕೋಣೆಯಲ್ಲಿ ವಿದ್ಯಾರ್ಥಿ, ಪಕ್ಕದ ಕೋಣೆಯಲ್ಲಿ ರೋಗಿಯ ಹಾಗೆ ಮಾತಾಡುವವರು ಯಾರಾದರೂ ಬೇಕು. ದೊಡ್ಡಮ್ಮನನ್ನು ಮಾತಾಡಿಸಿದಾಗಲೇ ಅದು ಬಸ್ ನಿಲ್ದಾಣದ ದನಿ ಎಂದು ಡಾಕ್ಟರಮ್ಮ ಗುರುತು ಹಿಡಿದಿದ್ದರು. "ನೀವು ಮಾಡ್ತೀರಾ?" ಎಂದು ಕೇಳಿದರು.

"ಕಾಯಿಲೆ ಬಂದವರ ಹಾಗೆ ನಟಿಸೋದೂ ಒಂದು ಕೆಲಸಾನಾ?" ಎಂದಳು ದೊಡ್ಡಮ್ಮ. "ನನ್ನ ತಂಗಿ ಅದನ್ನ ಮೂವತ್ತು ವರ್ಷದಿಂದ ಬಿಟ್ಟಿಯಾಗಿ ಮಾಡ್ತಿದ್ದಾಳೆ."

ಅಕ್ಕ ಹೋದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ನನ್ನಮ್ಮನಿಗೆ ಹೇಳಿದಾಗ ಅವಳು ಕೋಪ ಮಾಡಿಕೊಳ್ಳುವ ಬದಲು ಅತ್ತಳು.

ಹೀಗೆ ದೊಡ್ಡಮ್ಮ ವಾರಕ್ಕೊಂದು ಕಾಯಿಲೆ ಹೊತ್ತುಕೊಂಡು ಕಾಲೇಜಿಗೆ ಹೋಗತೊಡಗಿದಳು. ಒಂದು ವಾರ ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂದವಳು, ಒಂದು ವಾರ ರಕ್ತಸ್ರಾವ ನಿಲ್ಲದವಳು. ಇನ್ನೊಂದು ವಾರ, ಯಾಕೆ ಅಳು ಬರುತ್ತದೆಂದು ತನಗೇ ಗೊತ್ತಿಲ್ಲದ ಹೊಸ ತಾಯಿ. ಪ್ಲೈವುಡ್ ಗೋಡೆಯ ಈ ಕಡೆ ಕೂತು ರಿಸೀವರ್ ಹಿಡಿದರೆ, ಹದಿನೆಂಟರವಳೂ ಆಗುವಳು, ನಲವತ್ತರವಳೂ ಆಗುವಳು. ವಿದ್ಯಾರ್ಥಿಗಳು ಅವಳಿಗೆ ಕಾಯಿಲೆಯಮ್ಮ ಎಂದು ಹೆಸರಿಟ್ಟರು. "ಇವತ್ತು ಏನಮ್ಮ ನಿಮಗೆ?" ಎಂದು ಕಾರಿಡಾರಿನಲ್ಲೇ ವಿಚಾರಿಸುತ್ತಿದ್ದರು. "ಹೇಳಿದ್ರೆ ಪರೀಕ್ಷೆ ಹೇಗಾಗುತ್ತೆ? ಹೋಗ್ರೋ" ಎಂದು ಗದರಿಸುವಳು. ಒಳಗೊಳಗೇ ಆ ಹೆಸರು ಅವಳಿಗೆ ಇಷ್ಟವಾಗಿತ್ತು.

ತಲೆನೋವಿನ ಕರೆಯೊಂದನ್ನು ಮಾತ್ರ ಅವಳು ಮಾಡಿರಲಿಲ್ಲ. ಡಾಕ್ಟರಮ್ಮನೂ ಕೇಳಿರಲಿಲ್ಲ. ಒಂದು ದಿನ ತಾನಾಗಿಯೇ, "ಮುಂದಿನ ವಾರ ತಲೆನೋವು" ಎಂದು ಹೇಳಿ ಬಂದಳು. ಆ ವಾರ ಜೊತೆಗೆ ನನ್ನನ್ನು ಕರೆದುಕೊಂಡು ಹೋದಳು.

ನಾನು ಅವಳ ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಅವಳು ಕಣ್ಣು ಮುಚ್ಚಿಕೊಂಡಳು. ಪಕ್ಕದ ಕೋಣೆಯಲ್ಲಿ ಫೋನ್ ರಿಂಗಾದದ್ದು ಗೋಡೆಯಾಚೆ ಕೇಳಿಸಿತು.

"ಹಲೋ, ನಾನು ಹೋದ ವಾರ ಡೆಲಿವರಿ ಆದವಳು..."

ಅಕ್ಕನ ದನಿ. ಮಾತಿನ ಕೊನೆಯನ್ನು ಸ್ವಲ್ಪ ಎಳೆಯುವುದು, ನೋವು ಹೇಳುವಾಗಲೂ ಎಲ್ಲಿ ತೊಂದರೆ ಕೊಡುತ್ತಿದ್ದೇನೋ ಎಂಬ ಸಂಕೋಚ, ಎಲ್ಲವೂ ಅಕ್ಕನದೇ. ತಲೆನೋವು ಎಂದಳು, ಮಿಂಚು ಎಂದಳು, ಕನ್ನಡಕದ ಜೋಕೂ ಹೇಳಿದಳು. ಆ ಕಡೆಯ ಹುಡುಗ ಮೆತ್ತಗಿನವನು, ಮರ್ಯಾದಸ್ಥ. ಪ್ರೀತಿಯಿಂದಲೇ ಮಾತಾಡಿದ. "ನಿದ್ದೆ ಸಾಲ್ತಿಲ್ಲ ಅನ್ಸುತ್ತೆ ಮೇಡಂ. ಮಗು ಮಲಗಿದಾಗ ನೀವೂ ಮಲಗಿ. ನೋವಿಗೆ ಒಂದು ಮಾತ್ರೆ ತಗೊಳ್ಳಿ. ಕಡಿಮೆ ಆಗ್ಲಿಲ್ಲ ಅಂದ್ರೆ ನಾಳೆ ಮತ್ತೆ ಫೋನ್ ಮಾಡಿ."

"ಹೂಂ ಸರಿ, ಥ್ಯಾಂಕ್ಸ್" ಎಂದು ದೊಡ್ಡಮ್ಮ ಫೋನ್ ಇಟ್ಟಳು.

ಕರೆ ಮುಗಿದ ಮೇಲೆ ಪಕ್ಕದ ಕೋಣೆಗೆ ಹೋಗಿ, ಮಾತು ಹೇಗಿತ್ತು ಎಂದು ವಿದ್ಯಾರ್ಥಿಗೆ ಹೇಳಬೇಕು, ಅದು ಪದ್ಧತಿ. ದೊಡ್ಡಮ್ಮ ಹೋಗಿ ಬಾಗಿಲಲ್ಲಿ ನಿಂತಳು. "ಈ ಹುಡುಗಿ ನಾಳೆ ಬೆಳಿಗ್ಗೆ ಸಾಯ್ತಾಳೆ" ಎಂದಳು.

ಹುಡುಗ ಎದ್ದು ನಿಂತ. ದೊಡ್ಡಮ್ಮ ಹತ್ತಿರ ಹೋಗಿ ಅವನ ತೋಳು ಹಿಡಿದುಕೊಂಡಳು. "ನಿನ್ನ ತಪ್ಪು ಅಂತ ಹೇಳ್ತಾ ಇಲ್ಲ ಕಂದ. ಕೂತ್ಕೋ. ನಾನೂ ಇದನ್ನೇ ಹೇಳಿದ್ದೆ. ನಾನು ಅವಳ ತಾಯಿ."

ಡಾಕ್ಟರಮ್ಮ ಆವತ್ತು ಪಾಠವನ್ನು ಅಲ್ಲಿಗೇ ನಿಲ್ಲಿಸಿದರು. ಆದರೆ ದೊಡ್ಡಮ್ಮ ನಿಲ್ಲಿಸಲಿಲ್ಲ. ಪ್ರತಿ ವರ್ಷ ಹೊಸ ತಂಡ ಬಂದಾಗಲೂ ಆ ಕರೆ ಮಾಡುವಳು. ಹೆರಿಗೆಯಾದವಳು ತಲೆನೋವು ಎಂದರೆ ಮೊದಲು ಬಿಪಿ ನೋಡಿಸಿ, ಈಗಲೇ ಹೊರಡಿ ಎನ್ನಬೇಕು ಎಂಬುದು ಅವರ ತಲೆಯಲ್ಲಿ ಕೂರುವ ತನಕ. ಜೊತೆಗೆ, ಹೀಗೆ ಮಗಳನ್ನೋ ಸೊಸೆಯನ್ನೋ ಕಳೆದುಕೊಂಡ ಹೆಂಗಸರ ಒಂದು ಗುಂಪು ಕಾಲೇಜಿನಲ್ಲಿ ಸೇರತೊಡಗಿತು. ಬಿಪಿ ನೋಡುವುದನ್ನು ಕಲಿತು, ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಬಾಣಂತಿಯರ ಮನೆಗೆ ಹೋಗುವರು. ಕೆಲವು ಮನೆಯವರು ಒಳಗೆ ಕರೆಯುವರು, ಕೆಲವರು ಅಪಶಕುನ ಬಂತೆಂಬ ಹಾಗೆ ನೋಡುವರು.

ಒಂದು ಸಲ, ಹಾಗೆ ಬಿಪಿ ಏರಿದ್ದ ಹಾಲಿನ ಡಿಪೋದವರ ಸೊಸೆಯನ್ನು ದೊಡ್ಡಮ್ಮನೇ ಹಟ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ಅವಳು ಬದುಕಿದಳು. ಆಮೇಲೆ ಮಗುವನ್ನು ಎತ್ತಿಕೊಂಡು ನೋಡಲು ಬಂದಳು. ದೊಡ್ಡಮ್ಮ ಮಗುವನ್ನು ಆಡಿಸಿದಳು, ನಗಿಸಿದಳು. ಅವರು ಹೋದ ಮೇಲೆ ಊಟಕ್ಕೆ ಏಳಲಿಲ್ಲ. "ಖುಷಿ ಆಗಬೇಕು ಅಲ್ವೇನೇ?" ಎಂದು ನನ್ನನ್ನು ಕೇಳಿದಳು. "ಆಗುತ್ತೆ. ಆದ್ರೆ ಅದರ ಬೆನ್ನ ಹಿಂದೇನೇ ಇನ್ನೊಂದು ಬರುತ್ತೆ. ಆವತ್ತು ನಮ್ಮನೇಲಿ ಹೀಗೆ ಹಟ ಹಿಡಿಯೋರು ಯಾರೂ ಇರಲಿಲ್ಲ."

ಇತ್ತ ಮೊಮ್ಮಗಳು ಬೆಳೆಯುತ್ತಿದ್ದಳು. ದೊಡ್ಡಮ್ಮ ತಿಂಗಳಿಗೊಮ್ಮೆ ಹೋಗಿ ನೋಡಿಕೊಂಡು ಬರುವಳು. ಕೊಟ್ಟ ಮಾತಿಗೆ ತಪ್ಪಲಿಲ್ಲ. ಹೆತ್ತವಳು ಬೇರೆ ಎಂಬುದು ಹೇಗೋ ಹುಡುಗಿಯ ಕಿವಿಗೆ ಬಿದ್ದಾಗಲೂ, ಅವಳು ಜ್ವರ ಬಂದು ತೀರಿಕೊಂಡಳು ಎಂದಷ್ಟೇ ಮನೆಯಲ್ಲಿ ಹೇಳಿದ್ದರು. ಪಿಯುಸಿಗೆ ಸೇರಿದ ವರ್ಷ, ಒಂದು ಮಧ್ಯಾಹ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಒಬ್ಬಳೇ ದೊಡ್ಡಮ್ಮನ ಮನೆಗೆ ಬಂದಳು.

"ಅಜ್ಜಿ, ನಮ್ಮಮ್ಮ ಜ್ವರ ಬಂದು ಸತ್ತಳಾ?"

ದೊಡ್ಡಮ್ಮ ಕೈಯಲ್ಲಿದ್ದ ತರಕಾರಿ ಕೆಳಗಿಟ್ಟಳು.

"ನನ್ನ ಗೆಳತಿಯ ಅಕ್ಕ ಮೆಡಿಕಲ್ ಓದ್ತಾಳೆ. ಅವರ ಕಾಲೇಜಲ್ಲಿ ಕಾಯಿಲೆಯಮ್ಮ ಅಂತ ಒಬ್ಬರು ಇದ್ದಾರಂತೆ. ಸತ್ತುಹೋದ ಮಗಳ ಹಾಗೆ ಫೋನಲ್ಲಿ ಮಾತಾಡ್ತಾರಂತೆ. ಕೇಳಿದವರೆಲ್ಲ ಅಳ್ತಾರಂತೆ. ಮೊದಲು ಬಸ್ ಸ್ಟ್ಯಾಂಡಿನ ಮೈಕಲ್ಲಿ ಮಾತಾಡ್ತಿದ್ದವರಂತೆ. ಅದು ನೀನಾ?"

ದೊಡ್ಡಮ್ಮ ಎಲ್ಲವನ್ನೂ ಹೇಳಿದಳು. ಯಾವ ದನಿಯನ್ನೂ ಹಿಡಿಯದೆ, ತನ್ನ ದನಿಯಲ್ಲೇ, ತಡವರಿಸುತ್ತಾ ಹೇಳಿದಳು. ಮಲಕ್ಕೋ ಅಂದಿದ್ದು ನಾನೇ ಎಂಬಲ್ಲಿಗೆ ಬಂದಾಗ ಹುಡುಗಿ ಎದ್ದು ಬ್ಯಾಗು ಹೆಗಲಿಗೇರಿಸಿದಳು. ಬಾಗಿಲನ್ನೂ ಮುಚ್ಚದೆ ಹೋದಳು.

ಆ ವಾರ ಕಾಲೇಜಿನಲ್ಲಿ ದೊಡ್ಡಮ್ಮ ರಿಸೀವರ್ ಕೈಗೆತ್ತಿಕೊಂಡಳು, ದನಿ ಏಳಲಿಲ್ಲ. ಇಟ್ಟು ಎದ್ದು ಬಂದಳು. "ಇನ್ನು ಆ ಕರೆ ನನ್ನ ಕೈಲಾಗಲ್ಲ" ಎಂದಳು. ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡು ಕೂತರು, ಯಾಕೆ ಎಂದು ಕೇಳಲಿಲ್ಲ.

ಹುಡುಗಿ ಬರಲಿಲ್ಲ. ದೊಡ್ಡಮ್ಮನಿಗೆ ಹೋಗುವ ಧೈರ್ಯವಿರಲಿಲ್ಲ. ಕೊನೆಗೆ ಬಂದವಳು ಭಾವನ ಎರಡನೆಯ ಹೆಂಡತಿ. ದೊಡ್ಡಮ್ಮನ ಮನೆಯ ಹೊಸ್ತಿಲನ್ನು ಅವಳು ಅದುವರೆಗೆ ತುಳಿದವಳಲ್ಲ. ಬಂದವಳು ಕೂರಲೂ ಇಲ್ಲ.

"ಸರಿಯಾಗಿ ಊಟ ಮಾಡ್ತಿಲ್ಲ ಅಮ್ಮ. ಬಾಗಿಲು ಹಾಕ್ಕೊಂಡು ಇರ್ತಾಳೆ. ನನ್ನ ಹತ್ರ ಒಂದು ಮಾತಿಲ್ಲ. ನೀವು ಬನ್ನಿ."

"ನಿಮ್ಮ ಯಜಮಾನ್ರು ಏನಂತಾರೋ?"

"ಅವರಿಗೆ ನಾನು ಹೇಳ್ಕೊತೀನಿ. ನೀವು ಹೊರಡಿ."

ಇಬ್ಬರೂ ಆಟೋ ಹಿಡಿದು ಹೋದರು. ಹುಡುಗಿ ಹಾಸಿಗೆಯ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ದೊಡ್ಡಮ್ಮ ಕಾಲ ಹತ್ತಿರ ಕೂತಳು. ನನ್ನದು ತಪ್ಪಾಯಿತು ಕಣೇ, ಮಲಕ್ಕೋ ಅನ್ನಬಾರದಿತ್ತು ಎಂದಳು. ಹುಡುಗಿ ತಿರುಗಲಿಲ್ಲ.

"ಅದಕ್ಕಲ್ಲ ಅಜ್ಜಿ. ಗೊತ್ತಿದ್ರೆ ನೀನು ಹಾಗೆ ಅಂತಿರಲಿಲ್ಲ, ಅಷ್ಟು ನನಗೂ ಅರ್ಥ ಆಗುತ್ತೆ. ಯಾರ್ಯಾರೋ ಹುಡುಗರು ನಮ್ಮಮ್ಮನ ದನಿ ಕೇಳಿದ್ದಾರೆ. ಊರಿಗೆಲ್ಲ ಕೊಟ್ಟೆ. ನನಗೊಬ್ಬಳಿಗೆ ಕೊಡಲಿಲ್ಲ."

ನಿಮ್ಮಪ್ಪ ಬೇಡ ಅಂದಿದ್ದರು ಎಂದು ದೊಡ್ಡಮ್ಮ ಹೇಳಬಹುದಿತ್ತು. ಆದರೆ ಬಾಗಿಲಲ್ಲಿ ಆ ಹೆಂಗಸು ನಿಂತಿದ್ದಳು, ಆ ಹುಡುಗಿಯನ್ನು ಹೊತ್ತು ತಿರುಗಿ ಬೆಳೆಸಿದವಳು. ದೊಡ್ಡಮ್ಮ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವಳು ಆ ಹೆಂಗಸೇ. "ಹೇಳಬೇಡಿ ಅಂದಿದ್ದು ನಾವು" ಎಂದಳು. "ನಿಮ್ಮಪ್ಪನ ಹತ್ರ ಹೇಳ್ಸಿದ್ದು ನಾನು. ಅವಳ ಮಾತು ಈ ಮನೆಯಲ್ಲಿ ಬಂದ್ರೆ ನಾನು ನಿನಗೆ ಏನೂ ಅಲ್ಲದೋಳಾಗ್ತೀನಿ ಅಂತ ಹೆದರಿಕೆಯಿತ್ತು."

ಹುಡುಗಿ ಎದ್ದು ಕೂತು ಅವಳನ್ನು ನೋಡಿದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸು ಒಳಗೆ ಹೋಗಿ ತಟ್ಟೆಯಲ್ಲಿ ಊಟ ತಂದಿಟ್ಟಳು. ಹುಡುಗಿ ಎರಡು ತುತ್ತು ತಿಂದು ಕೈ ತೊಳೆದುಕೊಂಡಳು. ಆ ದಿನಕ್ಕೆ ಅಷ್ಟೇ ಆದದ್ದು.

ಆಮೇಲೆ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾದೀತು. ದೊಡ್ಡಮ್ಮ ಈಗಲೂ ಚೀಲ ಹಿಡಿದು ಬಾಣಂತಿಯರ ಮನೆಗೆ ಹೋಗುತ್ತಾಳೆ, ಕಾಲು ನೋವಿರುವುದರಿಂದ ಹತ್ತಿರದ ಮನೆಗಳಿಗೆ ಮಾತ್ರ. ತಲೆನೋವಿನ ಕರೆಯನ್ನು ಈಗ ಗುಂಪಿನ ಇನ್ನೊಬ್ಬ ಹೆಂಗಸು ಮಾಡುತ್ತಾಳೆ. ಹುಡುಗಿ ಕೆಲವು ಭಾನುವಾರ ಬರುತ್ತಾಳೆ. ಕಾಯಿಲೆಯ ವಿಷಯ ಬೇಡ, ಅದಕ್ಕಿಂತ ಮುಂಚಿನದು ಹೇಳು ಎನ್ನುತ್ತಾಳೆ. ಕೆಲವು ಸಲ ಅರ್ಧದಲ್ಲೇ ಎದ್ದು ಹೋಗುತ್ತಾಳೆ. ದೊಡ್ಡಮ್ಮ ಹಿಂದಕ್ಕೆ ಕರೆಯುವುದಿಲ್ಲ.

ಹೋದ ಭಾನುವಾರ ನಾನೂ ಅಲ್ಲಿದ್ದೆ. "ಅಮ್ಮ ಸೈಕಲ್ ಕಲಿತಿದ್ದು ಹೇಗೆ?" ಎಂದು ಹುಡುಗಿ ಕೇಳಿದಳು. ದೊಡ್ಡಮ್ಮ ಉತ್ಸಾಹದಿಂದಲೇ ಶುರು ಮಾಡಿದಳು. ಬಾಡಿಗೆ ಸೈಕಲ್, ಇಳಿಜಾರಿನ ರಸ್ತೆ, ತಿರುವಿನ ಹತ್ತಿರ ಬಿದ್ದದ್ದು. ಅಲ್ಲಿಗೆ ಬಂದು ನಿಂತಳು. ಮುಂದಿನದು ನೆನಪಾಗಲಿಲ್ಲ. ಹಣೆ ಉಜ್ಜಿಕೊಂಡಳು, ಇನ್ನೊಮ್ಮೆ ಮೊದಲಿನಿಂದ ಹೇಳಿ ನೋಡಿದಳು, ಮತ್ತೆ ತಿರುವಿನಲ್ಲೇ ನಿಂತಳು. ಕೊನೆಯ ದಿನವೊಂದನ್ನೇ ಅಷ್ಟು ವರ್ಷ ಹೇಳಿ ಹೇಳಿ, ಉಳಿದ ದಿನಗಳು ಅವಳಲ್ಲಿ ಸವೆದುಹೋಗಿದ್ದವು. "ಅಯ್ಯೋ, ಮರೆತೇಹೋಯ್ತಲ್ಲೇ" ಎಂದು ಅವಳು ಅಳತೊಡಗಿದಳು. ಹುಡುಗಿ ಎದ್ದು ಹೋಗಲಿಲ್ಲ. ಅಜ್ಜಿಯ ಸೆರಗಿನ ತುದಿಯನ್ನು ಹಿಡಿದುಕೊಂಡು ತಾನೂ ಅತ್ತಳು.

ನನಗೆ ನೆನಪಿತ್ತು, ಆವತ್ತು ಹಿಂದಿನ ಸೀಟಿನಲ್ಲಿ ಕೂತವಳು ನಾನೇ. ಅಕ್ಕನ ಮೊಣಕಾಲು ಸುಲಿದಿತ್ತು. ಎದ್ದವಳೇ ಮೊದಲು ನನ್ನ ಫ್ರಾಕಿನ ಧೂಳು ಕೊಡವಿದಳು, ಆಮೇಲೆ ಸೈಕಲ್ಲಿನ ಬೆಲ್ಲು ಬಾರಿಸಿ ನೋಡಿದಳು. ಮನೆಗೆ ಬಂದು, ಬಿದ್ದದ್ದು ಸೈಕಲ್ಲು, ನಾವಲ್ಲ ಎಂದು ದೊಡ್ಡಮ್ಮನಿಗೆ ಹೇಳಿದಳು. ಅದನ್ನೇ ಅವರಿಬ್ಬರಿಗೂ ಹೇಳಿದೆ.